ಗಂಗಿಯ ಫೋಟೋ ಇಳಿಸಿದ ದಿನ

ಮನೆ ನೋಡಲು ಬಂದ ಮೊದಲ ಹೆಂಗಸು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು.

"ನಿಮ್ಮ ಹೆಂಡ್ತಿ ಒಳಗಿದ್ದಾರಾ? ಮಲ್ಲಿಗೆ ಪರಿಮಳ ಎಷ್ಟು ಚಂದ ಬರ್ತದೆ!"

ಭಾಸ್ಕರ ಗೋಡೆಯತ್ತ ಕೈ ತೋರಿಸಿದ. ಅಲ್ಲಿ ಕುಂಕುಮ ಇಟ್ಟ ಹೆಂಡತಿಯ ಫೋಟೋ ಇತ್ತು, ಅದರ ಕೆಳಗೆ ಎಣ್ಣೆಯ ದೀಪ. ಹೂವಿನ ಒಂದು ಎಸಳೂ ಇರಲಿಲ್ಲ. ಅವಳು ಫೋಟೋ ನೋಡಿದಳು, ಅವನ ಮುಖ ನೋಡಿದಳು, ಚಾ ಅರ್ಧಕ್ಕೇ ಬಿಟ್ಟು ಎದ್ದಳು. ಎರಡನೆಯ ಸಲ ಬಂದವರದ್ದೂ ಅದೇ ಕಥೆ.

ಕಾಸರಕೋಡಿನ ಆ ಹೆಂಚಿನ ಮನೆಯಲ್ಲಿ ಗಂಗಿ ತೀರಿಕೊಂಡು ಮೂರು ವರ್ಷವಾಗಿತ್ತು. ನಾಲ್ಕು ದಿನದ ಜ್ವರ, ಅಷ್ಟೇ. ಗಂಗಿ ಹೋದಳು, ಅವಳು ಮುಡಿಯುತ್ತಿದ್ದ ಭಟ್ಕಳ ಮಲ್ಲಿಗೆ ಹೋಗಲಿಲ್ಲ. ದಿನವೂ ದೀಪ ಹಚ್ಚುವ ಹೊತ್ತಿಗೆ, ಮನೆ ನೋಡಲು ಯಾರಾದರೂ ಬಂದಾಗಲೂ, ಆ ಪರಿಮಳ ಬರುತ್ತಿತ್ತು. ಅದರ ಹಿಂದೆಯೇ ಎರಡು ಬಳೆ ತಾಗಿದಷ್ಟು ಸಣ್ಣ ಸದ್ದು. ಭಾಸ್ಕರನಿಗೆ ಹೆದರಿಕೆ ಆಗುತ್ತಿರಲಿಲ್ಲ. ಕಷ್ಟ ಇದ್ದದ್ದು ಅಲ್ಲಿಯೇ. ಯಾವ ಬೋಟಿನ ಇಂಜಿನ್ ಕೆಟ್ಟಿತು, ಯಾರು ಕೂಲಿ ಕೊಡಲು ಸತಾಯಿಸಿದರು ಎಂದು ಅವಳಿಗೆ ಹೇಳುತ್ತ ಕೂರುತ್ತಿದ್ದ. ಒಂದು ಮಧ್ಯಾಹ್ನ ಎರಡು ತಟ್ಟೆ ಹಾಕಿ, ಎರಡಕ್ಕೂ ಅನ್ನ ಬಡಿಸಿ, ಎದುರಿನ ತಟ್ಟೆ ಖಾಲಿಯಾಗುವುದನ್ನು ಕಾಯುತ್ತ ಕೂತ ತನ್ನನ್ನು ತಾನೇ ಕಂಡು ಬೆಚ್ಚಿದ. ಮರುದಿನವೇ ಬ್ರೋಕರ್ ಮಹಾಬಲನಿಗೆ ಹೇಳಿದ. ಮನೆ ಮಾರುವುದು, ಮಲ್ಪೆಗೆ ಹೋಗಿ ಅಲ್ಲಿಯ ಬೋಟುಗಳ ಇಂಜಿನ್ ಕೆಲಸ ಹಿಡಿಯುವುದು.

ಮೂರನೆಯ ಪಾರ್ಟಿ ಕುಮಟಾದಿಂದ ಬರುವುದಿತ್ತು. ನಿವೃತ್ತ ಮಾಸ್ತರು ವಿಶ್ವನಾಥ, ಅವರ ಹೆಂಡತಿ.

"ಈ ಸಲ ತಯಾರಿ ಬೇಕು ಮಾರಾಯಾ," ಎಂದ ಮಹಾಬಲ. "ಹೆಂಗಸಿಲ್ಲದ ಮನೆ ನೋಡಿದ್ರೆ ಗೊತ್ತಾಗ್ತದೆ. ಯಾರದ್ದಾದ್ರೂ ಕೈ ತಾಗ್ಲಿ."

ಆ ಕೈ ಅಮಿತಾಳದ್ದಾಯಿತು. ಎರಡು ಮನೆ ಆಚೆ ಒಬ್ಬಳೇ ಇದ್ದು ರವಿಕೆ ಹೊಲಿಯುವವಳು. ಗಂಗಿಯನ್ನು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ಭಾಸ್ಕರ ಬಾವ.

ಎರಡು ದಿನ ಅವಳು ಮನೆಯನ್ನು ಮದುಮಗಳಂತೆ ಸಿಂಗರಿಸಿದಳು. ಬಾವಿಕಟ್ಟೆಯ ಪಾಚಿ ತಿಕ್ಕಿದಳು. ಕಿಟಕಿಯ ಸರಳಿಗೆ ಬಣ್ಣ ಹಚ್ಚಿದಳು. ಮುಂಗೈಯಿಂದ ಬೆವರು ಒರೆಸಿಕೊಳ್ಳಲು ಹೋಗಿ ಕೆನ್ನೆಗೂ ಹಸಿರು ಬಣ್ಣ ಬಳಿದುಕೊಂಡಳು. ಭಾಸ್ಕರ ಅದನ್ನು ಹೇಳಬೇಕೋ ಬೇಡವೋ ಎಂದು ನೋಡುತ್ತಲೇ ಇದ್ದ.

"ಎಂತ ನೋಡ್ತ್ರಿ ಬಾವ? ಕಿಟಕಿ ಅಲ್ಲಿ ಇದೆ."

"ಕಿಟಕಿಯ ಬಣ್ಣ ನಿನ್ನ ಮುಖಕ್ಕೂ ಬಂದಿದೆ."

"ಬರ್ಲಿ ಬಿಡಿ. ಮನೆ ಜೊತೆ ನನ್ನನ್ನೂ ಮಾರ್‍ತೀರಾ ಎಂತ?"

ನಕ್ಕಳು. ನಗು ಮುಗಿಯುವ ಮೊದಲೇ ಮುಖ ತಿರುಗಿಸಿದಳು.

ಒದ್ದೆ ಗೋಡೆಯನ್ನು ಮುಚ್ಚಲು ಮಹಾಬಲ ದೊಡ್ಡ ಕ್ಯಾಲೆಂಡರ್ ತಂದಿದ್ದ. ಅಮಿತಾ ಅದನ್ನು ಸುತ್ತಿ ವಾಪಸು ಕೊಟ್ಟಳು. "ಒದ್ದೆ ಇದ್ರೆ ಒದ್ದೆ ಅಂತ ಹೇಳೂದು. ಮುಚ್ಚಿದ್ರೆ ದೇವರು ನೋಡೂದಿಲ್ವಾ?"

"ದೇವರು ಮನೆ ತಗೊಳ್ಳೂದಿಲ್ಲ ತಂಗಿ. ಕುಮಟಾದವರು ತಗೊಳ್ಳೂದು." ಆಮೇಲೆ ಅವನ ದನಿ ತಗ್ಗಿತು. "ಭಾಸ್ಕರ, ಆ ಫೋಟೋ ಒಂದು ಇಳಿಸ್ಬೇಕು. ಸತ್ತವರ ಕಣ್ಣೆದುರು ಯಾರೂ ಮನೆಗೆ ರೇಟು ಹೇಳೂದಿಲ್ಲ."

ಭಾಸ್ಕರನ ಕೈ ಏಳಲಿಲ್ಲ. ಅಮಿತಾ ಸ್ಟೂಲು ಎಳೆದು ಹತ್ತಿದಳು. ಅವನು ಸ್ಟೂಲು ಹಿಡಿದುಕೊಂಡ.

"ಅಕ್ಕಾ, ಒಂದು ದಿನ ನಮ್ಮನೆಗೆ ಬಾ," ಎಂದು ಮೆಲ್ಲಗೆ ಹೇಳಿ, ಫೋಟೋವನ್ನು ಸೆರಗಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡಳು.

ಅವಳು ಅಂಗಳ ದಾಟುವುದನ್ನು ನೋಡುತ್ತ ಭಾಸ್ಕರನಿಗೆ ಒಂದು ಹಳೆಯ ಮಾತು ನೆನಪಾಯಿತು. ಅಮಿತಾ ಬಾಯಲ್ಲಿ ಪಿನ್ನು ಕಚ್ಚಿ ರವಿಕೆಯ ಅಳತೆ ನೋಡುತ್ತಿದ್ದಾಗ ಗಂಗಿ ತಮಾಷೆ ಮಾಡಿದ್ದಳು: "ನಾ ಸತ್ರೆ ಇವರು ಇನ್ನೊಂದು ಮದುವೆ ಆಗ್ಲಿ, ನಂಗೆ ಬೇಜಾರಿಲ್ಲ. ಆದ್ರೆ ಅವಳು ಹೊಸ ಸೀರೆ ತಂದ್ರೆ ಮೊದ್ಲು ನನ್ನ ಮುಂದೆ ಇಟ್ಟು ಉಡ್ಬೇಕು, ಆತಾ?" ಅವರ ಮನೆತನಗಳಲ್ಲಿ ಅದು ನಡೆದುಬಂದ ಕ್ರಮ. ಎರಡನೆಯವಳು ತನ್ನ ಹೊಸ ಸೀರೆಯನ್ನು ತೀರಿಹೋದ ಮೊದಲನೆಯವಳಿಗೆ ಒಪ್ಪಿಸಿಯೇ ಉಡಬೇಕು. ಬೇರೆ ಯಾರೂ ಹಾಗೆ ಇಡುವುದಿಲ್ಲ. ಆ ದಿನ ಅಮಿತಾ ನಕ್ಕಿರಲಿಲ್ಲ. ಪಿನ್ನು ಚುಚ್ಚಿದ ಬೆರಳನ್ನು ಬಾಯಿಗಿಟ್ಟುಕೊಂಡಿದ್ದಳು.

ಫೋಟೋ ಇಳಿಸಿದ ದಿನವೇ ಮಧ್ಯಾಹ್ನ ಕುಮಟಾದವರು ಬಂದರು. ಮಾಸ್ತರು ನಲ್ಲಿ ತಿರುಗಿಸಿದರು, ಬಾವಿ ಇಣುಕಿದರು. ಒದ್ದೆ ಗೋಡೆಯನ್ನು ಭಾಸ್ಕರನೇ ತೋರಿಸಿದ. "ಸತ್ಯಸ್ಥರು," ಎಂದು ಅವರು ಮೆಚ್ಚಿದರು. ಅವರ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಾಗ ಭಾಸ್ಕರ ಉಸಿರು ಬಿಗಿಹಿಡಿದ.

"ಮನೆ ಎಷ್ಟು ಹಗುರಾಗಿದೆ," ಎಂದರು ಆಕೆ.

ಹೊರಡುವಾಗ ಮಹಾಬಲ ಕಿವಿಯಲ್ಲಿ ಹೇಳಿದ. "ಅವ್ರಿಗೆ ಒಪ್ಪಿಗೆ. ಸಂಜೆ ಫೋನ್ ಮಾಡ್ತೆ, ನಿನ್ನ ಒಂದು ಮಾತು ಸಾಕು."

ಸಂಜೆಯಾಯಿತು. ಅಳಿವೆಯ ಕಡೆಯಿಂದ ಬೋಟುಗಳು ಬರುವ ಸದ್ದು ಕೇಳಿತು. ಭಾಸ್ಕರ ಖಾಲಿ ಮೊಳೆಯ ಕೆಳಗೆ ದೀಪ ಹಚ್ಚಿ ಕಾದ.

ಪರಿಮಳ ಬರಲಿಲ್ಲ.

ಬಳೆಯ ಸದ್ದಿಲ್ಲ. ಬಣ್ಣದ ವಾಸನೆ ಮಾತ್ರ. "ಗಂಗೀ," ಎಂದು ಕರೆದ. ಅವನ ದನಿ ತೊಳೆದ ನೆಲದ ಮೇಲೆ ಬಿದ್ದು ಅವನ ಹತ್ತಿರವೇ ಮರಳಿತು. ಅವನು ಬಯಸಿದ್ದು ಇದನ್ನೇ ಅಲ್ಲವೇ? ಮೂರು ವರ್ಷದಲ್ಲಿ ಮೊದಲ ಬಾರಿಗೆ ಭಾಸ್ಕರನಿಗೆ ಆ ಮನೆಯಲ್ಲಿ ಹೆದರಿಕೆಯಾಯಿತು. ಚಪ್ಪಲಿ ಕೂಡ ಹಾಕದೆ ಹೊರಬಿದ್ದ.

ಅಮಿತಾಳ ಅಂಗಳದಲ್ಲಿ ಕಾಲಿಡುವಾಗಲೇ ಮಲ್ಲಿಗೆ ಘಮ್ಮೆಂದಿತು.

ಒಳಗೆ ಹೊಲಿಗೆ ಮಿಷನ್ನಿನ ಪಕ್ಕ, ಮಣೆಯ ಮೇಲೆ, ಫೋಟೋದಲ್ಲಿ, ಗಂಗಿ ಇದ್ದಳು. ಮುಂದೆ ದೀಪ. ಅಮಿತಾ ಕಣ್ಣು ಮುಚ್ಚಿ ಕೂತಿದ್ದಳು.

"ಹೂ ತಂದ್ಯಾ?"

ಅವಳು ಬೆಚ್ಚಿ ಎದ್ದಳು. "ಇಲ್ಲ ಬಾವ. ಹೂ ಬರೂದು ಬೆಳಗಿನ ಬಸ್ಸಿಗೆ ಅಲ್ವಾ?"

ಆಗ ಅವನ ಕಣ್ಣು ದೀಪದ ಮುಂದೆ ಇದ್ದುದರ ಮೇಲೆ ಬಿತ್ತು. ಮಡಿಕೆ ಬಿಚ್ಚದ ಸೀರೆ. ಪಾಚಿ ಹಸಿರು, ಕೆಂಪು ಅಂಚು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಯಾರ ಸೀರೆ?" ಕೇಳಿದವನಿಗೆ ತನ್ನ ದನಿಯೇ ದೂರದಿಂದ ಬಂದಂತಿತ್ತು.

"ನಂದು." ಅವಳು ತಲೆ ಎತ್ತಲಿಲ್ಲ. "ತಂದು ಒಂದು ವರ್ಷ ಆತು. ಅಕ್ಕನಿಗೆ ತೋರಿಸದೆ ಉಡ್ಲಿಕ್ಕೆ ಮನಸ್ಸು ಬರ್‍ಲಿಲ್ಲ. ತೋರ್‍ಸ್ಲಿಕ್ಕೆ ನಂಗೆ ಹಕ್ಕಿರ್‍ಲಿಲ್ಲ. ಇವತ್ತು ಅವಳೇ ನಮ್ಮನೆಗೆ ಬಂದಿದ್ಲು. ನೀವು ಹೇಗೂ ಮಲ್ಪೆಗೆ ಹೋಗೂರು. ಒಂದು ಸಲ ಇಟ್ಟು ತೆಗೆದ್ರೆ ಯಾರಿಗೆ ಗೊತ್ತಾಗ್ತದೆ ಅಂದ್ಕೊಂಡೆ."

ದೀಪದ ಕುಡಿ ಒಮ್ಮೆ ಬಾಗಿ ನೆಟ್ಟಗಾಯಿತು. ಎಲ್ಲೋ ತೀರ ಹತ್ತಿರದಲ್ಲಿ ಎರಡು ಬಳೆ ತಾಗಿದವು.

ಭಾಸ್ಕರ ಅಮಿತಾಳ ಕೈ ನೋಡಿದ. ಬರಿಗೈ. ಹೊಲಿಗೆಗೆ ಅಡ್ಡವೆಂದು ಅವಳು ಬಳೆ ತೊಡುವುದೇ ಇಲ್ಲ.

"ನಿಂಗೂ ಕೇಳ್ತಾ?" ಪಿಸುಗುಟ್ಟಿದ.

"ಕೇಳ್ತು," ಎಂದಳು. ಅವಳ ಕಣ್ಣು ತುಂಬಿತ್ತು, ಅದರಲ್ಲಿ ಭಯವಿರಲಿಲ್ಲ. "ಸೀರೆ ಬೇಡ ಅನ್ಲಿಲ್ಲ ಅಕ್ಕ, ಒಪ್ಪಿದ್ಲು."

ಮೂರು ವರ್ಷ ಅವನೊಬ್ಬನೇ ಹೊತ್ತ ಸದ್ದನ್ನು ಇನ್ನೊಬ್ಬರು ಕೇಳಿದ್ದರು. ಭಾಸ್ಕರ ಹೊಸ್ತಿಲಲ್ಲೇ ಕೂತ.

ಫೋನು ರಿಂಗಾಯಿತು. ಮಹಾಬಲ.

"ಎಂತ ಹೇಳ್ಲಿ ಮಾಸ್ತರಿಗೆ?"

"ತಪ್ಪು ತಿಳೀಬೇಡಿ ಅಂತ ಹೇಳು. ಮನೆ ಕೊಡೂದಿಲ್ಲ."

"ತಲೆ ಸಮ ಇದ್ಯಾ? ಆ ಖಾಲಿ ಮನೇಲಿ ಒಬ್ನೇ ಕೂತು ಎಂತ ಮಾಡ್ತೆ?"

"ಖಾಲಿ ಅಲ್ಲ ಮಾರಾಯಾ. ಮನೇಲಿ ಹೆಂಗಸರಿದ್ದಾರೆ."

"ಹೆಂಗಸರಾ? ಎಷ್ಟು ಜನ?"

ಭಾಸ್ಕರ ಫೋಟೋ ನೋಡಿದ. ಆಮೇಲೆ, ಸೀರೆಯನ್ನು ಎದೆಗೊತ್ತಿ ನಿಂತಿದ್ದ ಅಮಿತಾಳನ್ನು ನೋಡಿದ. ಕೆನ್ನೆಯ ಮೇಲೆ ಕಿಟಕಿಯ ಹಸಿರು ಇನ್ನೂ ಚೂರು ಉಳಿದಿತ್ತು.

"ಇಬ್ಬರು," ಎಂದ.