ಬೈಕು ಮಲಗಿಸುವ ಹೊತ್ತು

ಜಿಂಕೆ ಇರಲೇ ಇಲ್ಲ.

ಹನ್ನೊಂದು ವರ್ಷ ಇಡೀ ಊರು ಆ ಜಿಂಕೆಯನ್ನು ನಂಬಿತ್ತು. ಊರಿನವರ ಯಂತ್ರ ರಿಪೇರಿ ಮಾಡುವ ಲೈಲ್ ಎಲ್ಲರಿಗಿಂತ ಹೆಚ್ಚು ನಂಬಿದ್ದ. ಜಿಂಕೆ ಅಡ್ಡ ಹಾರಿತು, ಲೈಲನ ಗೆಳೆಯ ಡೂಯೇನ್ ಬೈಕು ತಿರುಗಿಸಿದ, ಹಿಂದೆ ಕೂತಿದ್ದ ಮಾರ್ಲಿಸ್ ರಸ್ತೆ ಪಕ್ಕದ ಬಂಡೆಗೆ ಬಡಿದು ಸತ್ತಳು. ಇಷ್ಟೇ ಕತೆ. ಮಾರ್ಲಿಸ್ ಲೈಲನ ಹೆಂಡತಿ. ಅವತ್ತು ಅವಳನ್ನು ಚರ್ಚಿನಿಂದ ಕರೆತರಬೇಕಾಗಿದ್ದವನು ಲೈಲನೇ. ಅಕ್ಟೋಬರ್ ತಿಂಗಳು, ಯಾರದೋ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಫೋನಿನಲ್ಲಿ "ಡೂಯೇನ್ ಜೊತೆ ಬಂದ್ಬಿಡು" ಅಂದಿದ್ದ.

ಈ ಸೆಪ್ಟೆಂಬರಿನಲ್ಲಿ, ಶುಕ್ರವಾರದ ಮೀನೂಟಕ್ಕೆ ಇಬ್ಬರೂ ಬಾರಿನಲ್ಲಿ ಕೂತಾಗ, ಮೂರನೇ ಬಿಯರು ಮುಗಿಸಿದ ಡೂಯೇನ್ ತಾನಾಗಿಯೇ ಬಾಯಿಬಿಟ್ಟ.

"ಎಂಥ ಜಿಂಕೆ ಮಾರಾಯ. ಅವತ್ತು ಸ್ವಲ್ಪ ಜಾಸ್ತಿ ಆಗಿತ್ತು, ಒಂದ್ ಗಳಿಗೆ ಕಣ್ಣು ಹತ್ತಿಬಿಡ್ತು. ನಿಂಗೆ ಗೊತ್ತು ಅಂತ್ಲೇ ಅಂದ್ಕೊಂಡಿದ್ದೆ ಕಣೋ."

"ಗೊತ್ತಿರ್ಲಿಲ್ಲ."

"ಹಳೇದು ಬಿಡು. ಆ ಉಪ್ಪು ಈ ಕಡೆ ತಳ್ಳು."

ಲೈಲ್ ಉಪ್ಪಿನ ಡಬ್ಬಿ ತಳ್ಳಿದ. ಅದನ್ನು ತಳ್ಳುವಾಗಲೇ ಅವನ ಒಳಗೆ ತೀರ್ಮಾನ ಆಗಿಹೋಗಿತ್ತು. ಪೊಲೀಸರ ಹತ್ತಿರ ಹೋಗಿ ಏನು ಹೇಳುವುದು? ಹನ್ನೊಂದು ವರ್ಷದ ಹಿಂದಿನ ಕುಡಿತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಡೂಯೇನ್ ಮರುದಿನವೇ ನಕ್ಕು, ತಮಾಷೆಗೆ ಅಂದೆ ಅನ್ನುತ್ತಾನೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮಾರ್ಲಿಸ್ ಸತ್ತ ಆ ಬೈಕನ್ನು ರಿಪೇರಿ ಮಾಡಿ ಓಡುವ ಹಾಗೆ ಮಾಡಿದ್ದವನು ಲೈಲ್. ಹತ್ತು ಅಕ್ಟೋಬರಿನಲ್ಲಿ ಹತ್ತು ಸಲ ಅದನ್ನು ಚಳಿಗಾಲಕ್ಕೆ ಮಲಗಿಸಿದವನೂ ಅವನೇ.

ಮಲಗಿಸುವುದು ಅನ್ನುವುದು ಊರಿನ ಮಾತು. ಉತ್ತರ ಮಿನೆಸೋಟದಲ್ಲಿ ಕೆರೆ ಹೆಪ್ಪುಗಟ್ಟುವ ಮುಂಚೆ ಎಲ್ಲ ಯಂತ್ರಗಳೂ ಮಲಗಬೇಕು. ಹುಲ್ಲು ಕತ್ತರಿಸುವ ಯಂತ್ರದ ಹೊಟ್ಟೆ ಕೆರೆದು, ಅಲಗು ಮಸೆದು, ಬ್ಯಾಟರಿ ಕಳಚಿ ಮೂಲೆಗೆ ತಳ್ಳಬೇಕು. ಹಳೇ ಬೈಕಾದರೆ ಟ್ಯಾಂಕಿನಲ್ಲಿ ಹನಿ ಉಳಿಯಬಾರದು. ಉಳಿದರೆ ಏಪ್ರಿಲ್ ಹೊತ್ತಿಗೆ ಪೆಟ್ರೋಲು ಅಂಟಾಗಿ ಕೂತಿರುತ್ತದೆ. ಹಾಗಾಗಿ ಉಳಿದ ಪೆಟ್ರೋಲು ತೀರಿ ಇಂಜಿನ್ ತಾನಾಗಿ ನಿಲ್ಲುವವರೆಗೂ ನಿಂತಲ್ಲೇ ಓಡಿಸಬೇಕು, ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದುಕೊಂಡು. ಹೊರಗೆ ಗಾಳಿ ಕೊರೆಯುತ್ತದೆ ಅಂತ ಬಾಗಿಲೆಳೆದುಕೊಂಡವರನ್ನು ಇಂಜಿನ್ನಿನ ವಿಷಗಾಳಿ ಮುಗಿಸುತ್ತದೆ, ಆಮೇಲೆ ಹೊತ್ತುಕೊಂಡೇ ಹೊರತರಬೇಕು. ಎರಡು ಮೂರು ವರ್ಷಕ್ಕೊಬ್ಬ ಹಾಗೆ ಹೋಗುತ್ತಿದ್ದ. ಊರು ಅಯ್ಯೋ ಅಂದು, ಆಲೂಗಡ್ಡೆ ಸಾರು ಮಾಡಿ, ಹುಗಿದು ಬರುತ್ತಿತ್ತು.

ಲೈಲನಿಗೆ ಆಯುಧ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದೇ. ಈ ಸಲ ಡೂಯೇನನ ಬೈಕಿನ ಹತ್ತಿರ ಲೈಲ್ ಹೋಗಿಲ್ಲ ಅಂತ ಊರಿಗೆ ಗೊತ್ತಿರಬೇಕು.

ಅದನ್ನು ಬೆವ್‌ಳ ಕಾಫಿ ಅಂಗಡಿಯಲ್ಲಿ, ಅಕ್ಟೋಬರಿನ ಒಂದು ಬೆಳಿಗ್ಗೆ ತುಂಬಿದ ಜನರ ಮುಂದೆ ಮಾಡಿ ಮುಗಿಸಿದ.

"ನನ್ ಮಂಡಿ ಕೆಟ್ಟಿದೆ ಡೂಯೇನ್. ಈ ಸಲ ನೀನೇ ಮಲಗಿಸ್ಕೋ."

"ಇವ್ನಾ?" ಬೆವ್ ಕಾಫಿ ಬಗ್ಗಿಸುತ್ತಾ ನಕ್ಕಳು. "ಇವ್ನಿಗೆ ಇವ್ನ್ ಹಾಸಿಗೆ ಹಾಸ್ಕೊಳ್ಳೋಕೆ ಬರಲ್ಲ."

"ನೋಡ್ತಿರು ಬೆವ್ವಮ್ಮ, ಭಾನುವಾರ ಆಟ ನೋಡ್ತಾ ನೋಡ್ತಾ ಮುಗಿಸ್ತೀನಿ."

"ಬಾಗಿಲು ತೆಗ್ದಿಟ್ಕೋ ಮತ್ತೆ," ಅಂದ ಲೈಲ್. ಎಲ್ಲರೂ ಕೇಳುವ ಹಾಗೆ ಅಂದ. ಆ ಮಾತು ಆಡಿದ್ದಕ್ಕೆ ಅವನಿಗೆ ತನ್ನ ಮೇಲೇ ಮೆಚ್ಚುಗೆಯಾಯಿತು.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಫುಟ್‌ಬಾಲ್ ಆಟ ಶುರುವಾದರೆ ಆ ಊರಿನ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಲೈಲ್ ಬೇಟೆಗಾರರ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಕಾಡಿನ ಹಾದಿಯಲ್ಲಿ ನಡೆದು ಹೋದ. ಬೇಟೆಯ ಆ ತಿಂಗಳು ಗಂಡಸರೆಲ್ಲ ಅದೇ ಬಣ್ಣ, ದೂರದಿಂದ ಯಾರು ಕಂಡರೂ ಯಾರೋ ಒಬ್ಬ. ಕೋಟಿನಲ್ಲಿ ಒಂದು ಬಾಟಲಿ ಬ್ರಾಂದಿ ಇತ್ತು. ಒಂಟಿ ಬದುಕಿನ ಡೂಯೇನ್ ಗ್ಯಾರೇಜಿನ ಹಳೇ ಸೋಫಾದಲ್ಲಿ ಕಾಲು ಚಾಚಿ ಟಿವಿ ನೋಡುತ್ತಿದ್ದ. ಬೈಕಿಗೆ ಕೈ ಹಚ್ಚಿರಲಿಲ್ಲ.

"ಬೈಕ್ ನೋಡೋಕೆ ಬಂದ್ಯಾ, ನನ್ ನೋಡೋಕಾ?"

"ಎರಡಕ್ಕೂ."

"ಮಂಡಿ?"

"ಬ್ರಾಂದಿ ಕಂಡ್ರೆ ನಡೆಯುತ್ತೆ."

ಡೂಯೇನ್ ಕುಡಿದ. ಲೈಲ್ ತುಟಿ ಒದ್ದೆ ಮಾಡಿಕೊಂಡ. ಒಂದು ಗಂಟೆಯಾಗುವಷ್ಟರಲ್ಲಿ ಡೂಯೇನನ ಗಲ್ಲ ಎದೆಗೆ ತಾಗಿತು. ಲೈಲ್ ಅವಸರ ಮಾಡಲಿಲ್ಲ. ಟ್ಯಾಂಕಿನ ಪೆಟ್ರೋಲು ಇಳಿಸಿ, ಒಂದೂವರೆ ಗಂಟೆಗೆ ಆಗುವಷ್ಟು ಮಾತ್ರ ಉಳಿಸಿದ. ಹೊಸ ಎಣ್ಣೆಯ ಡಬ್ಬ, ತಟ್ಟೆ, ಸ್ಟೀಲ್ ನಾರು, ಸ್ಪ್ಯಾನರುಗಳನ್ನು ಕೆಲಸ ಬಾರದವನು ಹರಡುವ ಹಾಗೆ ಅಡ್ಡಾದಿಡ್ಡಿ ಹರಡಿದ. ಬಾಗಿಲೆಳೆದು, ಬೈಕು ಚಾಲೂ ಮಾಡಿ, ಪಕ್ಕದ ಬಾಗಿಲಿನಿಂದ ಹೊರಬಿದ್ದ. ಆ ಬೈಕಿನ ಸದ್ದು ಡೂಯೇನನಿಗೆ ಜೋಗುಳವಿದ್ದ ಹಾಗೆ. ಅವನು ಕದಲಲಿಲ್ಲ.

ಕಾಡಿನಲ್ಲಿ ಒಂದು ಮರದ ದಿಮ್ಮಿಯ ಮೇಲೆ ಕೂತು ಲೈಲ್ ಕಾದ. ಖುಷಿಯಾಗುತ್ತದೆ ಅಂತ ಅವನೇನೂ ಅಂದುಕೊಂಡಿರಲಿಲ್ಲ. ಎದೆ ಒಂದಿಷ್ಟು ಹಗುರಾಗಬಹುದು ಅಂದುಕೊಂಡಿದ್ದ. ಅದೂ ಆಗಲಿಲ್ಲ. ಮಾರ್ಲಿಸ್ ಬದುಕಿದ್ದಾಗ ಯಾವ ಕೋಟು ಹಾಕುತ್ತಿದ್ದಳು ಅಂತ ನೆನಪು ಮಾಡಿಕೊಳ್ಳಲು ನೋಡಿದ. ಬಣ್ಣ ಹೊಳೆಯಲಿಲ್ಲ.

ಸದ್ದು ನಿಂತ ಮೇಲೂ ಇನ್ನೊಂದು ಗಂಟೆ ಬಿಟ್ಟು, ಬಾಗಿಲು ತೆರೆದು ಗಾಳಿಯಾಡಿಸಿ ಒಳಗೆ ಹೋದ. ಡೂಯೇನನ ಮುಖ ಕೆಂಪಗೆ, ಆರೋಗ್ಯವಂತನ ಮುಖದ ಹಾಗಿತ್ತು. ಮುಟ್ಟಿದರೆ ತಣ್ಣಗಿತ್ತು. ಲೈಲ್ ತನ್ನ ಲೋಟವನ್ನು ಕೋಟಿಗೆ ಇಳಿಸಿದ. ಬ್ರಾಂದಿ ಅಲ್ಲೇ ಇರಲಿ, ಡೂಯೇನನ ಕೈಯ ಗುರುತು ಅದರ ಮೇಲಿದೆ. ಬಾಟಲಿಯ ಮೇಲಿದ್ದ ತನ್ನ ಗುರುತು ಮಾತ್ರ ಅಳಿಸಿದ. ಆಮೇಲೆ ಬಟ್ಟೆ ತೆಗೆದುಕೊಂಡು ಬೈಕು ಒರೆಸಿದ. ಹ್ಯಾಂಡಲು, ಟ್ಯಾಂಕು, ಸೀಟು, ಹಿಂದಿನ ಚಕ್ರ, ಮುಂದಿನಿಂದ ಹಿಂದಕ್ಕೆ, ನಲವತ್ತು ವರ್ಷದಿಂದ ಊರಿನ ಬೈಕುಗಳನ್ನೆಲ್ಲ ಒರೆಸಿದ ಹಾಗೇ. ಮನಸ್ಸು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ದುಡಿಯಿತು. ಕೊನೆಗೆ ಡೂಯೇನನ ಬೆರಳನ್ನು ಬೈಕಿನ ಬೀಗದ ಕೈಗೆ ಒತ್ತಿ, ಬಾಗಿಲೆಳೆದು, ಬಂದ ಹಾದಿಯಲ್ಲೇ ವಾಪಸಾದ.

ಸೋಮವಾರ ಡೂಯೇನನ ಹೆಣ ಸಿಕ್ಕಾಗ ಬೆವ್‌ಳ ಅಂಗಡಿ ಪೂರ್ತಿ ಲೈಲನ ಪರವಾಗಿತ್ತು. "ಬಾಗಿಲು ತೆಗಿ ಅಂತ ಹೇಳ್ದ್ಯಲ್ಲೋ ಲೈಲ್, ಎಲ್ರೂ ಕೇಳಿದ್ವಿ," ಅಂತ ಬೆವ್ ಮೂಗು ಒರೆಸಿಕೊಂಡಳು. ವೈದ್ಯರು ವಿಷಗಾಳಿ ಅಂದರು. ಸಾವಿನೂಟದ ಸಾರಿಗೆ ಆಲೂಗಡ್ಡೆ ಹೆಚ್ಚುವವರ ಪಟ್ಟಿಯೂ ಗೋಡೆಗೇರಿತು.

ಬುಧವಾರ ಬೆಳಿಗ್ಗೆ ಊರಿನ ಪೊಲೀಸ್ ಅಧಿಕಾರಿ, ಜೋಡೀ ಎಂಬ ಹುಡುಗಿ, ಲೈಲ್ ಕೆಲಸ ಮಾಡುವ ಶೆಡ್ಡಿಗೆ ಬಂದಳು. ಅವಳ ಬೈಕೂ ಅಲ್ಲೇ, ಬಿಳಿ ಹೊದಿಕೆಯಡಿ ಮಲಗಿತ್ತು.

"ಕೂತ್ಕೋ ಜೋಡೀ. ಕಾಫಿ?"

"ಬೇಡ ಲೈಲಣ್ಣ. ಕೇಸಿನ ಫೈಲು ಮುಚ್ಚಬೇಕು, ನಿನ್ನ ಒಂದ್ ಮಾತು ಕೇಳೋಣ ಅಂತ. ಡೂಯೇನ್ ಟ್ಯಾಂಕು ಪೂರ್ತಿ ಒಣಗಿತ್ತು. ಇಂಜಿನ್ ತಾನಾಗೇ ನಿಂತಿರ್ಬೇಕು, ಅಲ್ವಾ?"

"ಹೌದು. ಹಾಗೇ ನಿಲ್ಲಬೇಕು."

"ಅಷ್ಟೊತ್ತಿಗೆ ಅವ್ನು ಹೋಗಿರ್ತಾನೆ."

"ಯಾವಾಗ್ಲೋ ಹೋಗಿರ್ತಾನೆ ಪಾಪ," ಅಂದ ಲೈಲ್. ಎಲ್ಲ ಅವನು ಕೂಡಿಸಿದ ಹಾಗೇ ಕೂಡಿ ಬಂದಿತ್ತು.

ಜೋಡೀ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಸ್ಟೀಲ್ ನಾರಿನ ಎರಡು ಉಂಡೆ, ಒಂದೇ ಅಳತೆ, ಬಿಗಿಯಾಗಿ ಸುತ್ತಿದ್ದು. "ಇದು ಅವ್ನ ಬೈಕಿನ ಎರಡೂ ಸೈಲೆನ್ಸರ್ ಬಾಯಲ್ಲಿತ್ತು," ಅಂದಳು. "ಚಳಿಗೆ ಇಲಿ ಒಳಗೆ ಹೋಗಿ ಗೂಡು ಕಟ್ಟಬಾರ್ದು ಅಂತ, ಎಲ್ಲಾ ಮುಗಿದು ಇಂಜಿನ್ ಆರಿದ ಮೇಲೆ ಕೊನೇಗೆ ತುರುಕೋದು ಅಂತ ನೀನೇ ನಂಗೆ ಹೇಳ್ಕೊಟ್ಟಿದ್ದು. ಮೊದ್ಲೇ ತುರುಕಿದ್ರೆ ಬೈಕು ಒಂದ್ ನಿಮಿಷ ಓಡಲ್ಲ. ಹಂಗಾದ್ರೆ ಡೂಯೇನ್ ಸತ್ತ ಮೇಲೆ ಎದ್ದು ಬಂದು, ಇದನ್ನ ತುರುಕಿ, ಮತ್ತೆ ಹೋಗಿ ಕೂತ್ನಾ ಲೈಲಣ್ಣ?" ಅವಳು ಮೂಲೆಗೆ ಹೋಗಿ ತನ್ನ ಬೈಕಿನ ಹೊದಿಕೆಯ ತುದಿ ಎತ್ತಿದಳು. ಸೈಲೆನ್ಸರಿನ ಬಾಯಲ್ಲಿ ಅದೇ ಅಳತೆಯ, ಅಷ್ಟೇ ಬಿಗಿಯಾದ ಉಂಡೆ ಇತ್ತು. ಲೈಲ್ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ಕೈಗಳನ್ನು ನೋಡುವ ಹಾಗೆ ನೋಡುತ್ತಾ ಕೂತ.