ಅರ್ಧ ಲೋಟ ಚಹಾ

ಲಿಫ್ಟಿನ ಮುಂದೆ ಒಬ್ಬ ಮಂಡಿಯೂರಿ ಕೂತಿದ್ದ. ಗುಂಡಿ ಕೂರಿಸಿದ ತಗಡನ್ನು ಬಿಚ್ಚಿ ನೆಲಕ್ಕಿಟ್ಟು, ಒಳಗಿನ ವೈರುಗಳನ್ನು ಜನ್ಮದಲ್ಲೇ ಕಾಣದವನ ಹಾಗೆ ನೋಡುತ್ತಿದ್ದ.

"ಕೆಟ್ಟಿದೆಯಾ?" ಎಂದಳು ಅವಳು.

"ಹೂಂ ರೀ. ಸ್ವಲ್ಪ ಹೊತ್ತಾಗುತ್ತೆ."

"ಪರವಾಗಿಲ್ಲ, ಕಾಯ್ತೀನಿ. ಡ್ರಾಯಿಂಗ್ ಕ್ಲಾಸಿಗೆ ಇನ್ನೂ ಟೈಮಿದೆ."

ಡ್ರಾಯಿಂಗ್ ಕ್ಲಾಸೂ ಇರಲಿಲ್ಲ, ಗೀಸೂ ಇರಲಿಲ್ಲ. ಅವಳು ಹೋಗಬೇಕಾಗಿದ್ದದ್ದು ಮೂರನೇ ಮಹಡಿಗೆ, ಕುಡಿತ ಬಿಡಬೇಕೆನ್ನುವವರು ವಾರಕ್ಕೊಮ್ಮೆ ಸೇರುವ ಕೋಣೆಗೆ. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವುದು ಅವಳ ಕೆಲಸ. ಈಚೆಗೆ ಬೆಳಗ್ಗೆ ಒಂದು ಗುಟುಕು ಒಳಗೆ ಹೋಗದಿದ್ದರೆ ಕೈ ಮಾತು ಕೇಳುತ್ತಿರಲಿಲ್ಲ. ಯಾವುದೋ ಮಗುವಿನ ಮೊದಲ ಹುಟ್ಟುಹಬ್ಬದ ಕೇಕಿನ ಮೇಲೆ ಅಕ್ಷರಗಳು ಅಂಕುಡೊಂಕಾಗಿ ಹರಿದಾಡಿದ ದಿನ, ಮಾಲೀಕ ಅವಳನ್ನು ಡಬ್ಬ ಮಡಚಲು ಕೂರಿಸಿದ್ದ. ಅಣ್ಣ ಈ ವಿಳಾಸ ಹುಡುಕಿ ಕೊಟ್ಟು, "ಹೋಗಿ ಬಾ, ಯಾರೂ ತಿಂದುಬಿಡಲ್ಲ" ಎಂದಿದ್ದ.

ಮೆಕ್ಯಾನಿಕ್ ಒಂದು ಸ್ಕ್ರೂ ಬಿಚ್ಚಿದ, ಅದನ್ನೇ ಮತ್ತೆ ಹಾಕಿದ. ಕಣ್ಣಂಚಿನಲ್ಲಿ ಅವಳನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದವಳು ಸಿಕ್ಕಿಬಿದ್ದ ಕಳ್ಳಿಯ ಹಾಗೆ ಗೋಡೆಗೆ ಮುಖ ತಿರುಗಿಸಿದಳು. ಅಷ್ಟರಲ್ಲೇ ಅವನ ರೆಪ್ಪೆ ಎಷ್ಟು ದಟ್ಟವಾಗಿದೆ ಎಂಬುದನ್ನು ಗಮನಿಸಿಯಾಗಿತ್ತು.

ಟಿಂಗ್ ಎಂದಿತು. 'ಕೆಟ್ಟ' ಲಿಫ್ಟಿನ ಬಾಗಿಲು ಸಲೀಸಾಗಿ ತೆರೆದು, ಬೆಳ್ಳಿಕೂದಲಿನ ನಿವೃತ್ತ ಟೀಚರೊಬ್ಬರು ಹೊರಗೆ ಬಂದರು. ಇವನನ್ನು ನೋಡಿದರು, ಅವಳನ್ನು ನೋಡಿದರು.

"ಚಹಾ ಆರ್ತಿದೆ, ಇಬ್ರೂ ಮೇಲೆ ಬನ್ನಿ. ನಾಚ್ಕೋಬೇಡಿ, ಮೊದಲ ದಿನ ನಾನು ಇದೇ ಜಾಗದಲ್ಲಿ ನಿಂತು ಬಸ್ಸಿಗೆ ಕಾಯ್ತಿದ್ದೀನಿ ಅಂದಿದ್ದೆ."

ಮೇಲೆ ಹೋಗುವಾಗ ಅವನು ಮೆಲ್ಲಗೆ ಕೇಳಿದ, "ಡ್ರಾಯಿಂಗ್ ಚೆನ್ನಾಗಿ ಬರುತ್ತಾ?"

"ನಿಮಗೆ ರಿಪೇರಿ ಬರೋವಷ್ಟು."

"ಅಯ್ಯೋ, ನನ್ನ ಕೆಲಸ ನಿಜವಾಗ್ಲೂ ಇದೇ ರೀ," ಎಂದು ಅವನು ನಕ್ಕ. ಎಷ್ಟೋ ದಿನಗಳ ಮೇಲೆ ಅವಳಿಗೂ ನಗು ಬಂತು.

ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೆಟಲು, ಸ್ಟೀಲ್ ಲೋಟಗಳು. ಅಲ್ಲಿನ ಪದ್ಧತಿಯಂತೆ ಎಲ್ಲರಿಗಿಂತ ಹೊಸಬರು ಯಾರೋ ಅವರೇ ಚಹಾ ಬಗ್ಗಿಸಬೇಕು, ಎಲ್ಲರಿಗೂ ಅರ್ಧ ಲೋಟ ಮಾತ್ರ. ಹೊಸಬರ ಕೈ ನಡುಗುತ್ತದೆ, ಅರ್ಧವಾದರೆ ಚೆಲ್ಲುವುದಿಲ್ಲ. ಅಂದು ಅವಳು ಬಗ್ಗಿಸಿದಳು, ಅವನು ತಟ್ಟೆ ಹಿಡಿದ. ಆಮೇಲೆ ಒಬ್ಬ ಬಸ್ ಡ್ರೈವರು, ಒಬ್ಬ ದಂತವೈದ್ಯೆ, ಮೊಮ್ಮಕ್ಕಳಿರುವ ಒಬ್ಬ ಅಜ್ಜಿ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿದರು. ಅಷ್ಟು ದೊಡ್ಡ ಮಾತನ್ನು ಅಷ್ಟು ಸಣ್ಣ ದನಿಯಲ್ಲಿ ಹೇಳಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ವಾರಗಳು ಕಳೆದವು. ಕೈ ಹತೋಟಿಗೆ ಬಂತು, ಮಾಲೀಕ ಹೆಸರು ಬರೆಯುವ ಕ್ರೀಮಿನ ಕೋನು ಮತ್ತೆ ಅವಳ ಕೈಗೆ ಕೊಟ್ಟ. ಕಿಟಕಿ ಪಕ್ಕದ ಕುರ್ಚಿಯನ್ನು ಮೆಕ್ಯಾನಿಕ್ ಅವಳಿಗೆಂದೇ ಹಿಡಿದಿಡುತ್ತಿದ್ದ. "ಇವತ್ತು ಯಾರ ಹೆಸರು ಬರೆದ್ರಿ?" ಎಂದು ಕೇಳುತ್ತಿದ್ದ. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಅವಳು ದಿನವಿಡೀ ಒಳ್ಳೊಳ್ಳೆಯ ಹೆಸರುಗಳನ್ನು ನೆನಪಿಟ್ಟುಕೊಳ್ಳುತ್ತಿದ್ದಳು.

ಟೀಚರ್ ಕಣ್ಣಿಗೆ ಇದು ಬೀಳದಿರುತ್ತದೆಯೇ?

"ಒಂದು ವರ್ಷ ಪ್ರೀತಿ ಗೀತಿ ಬೇಡ," ಎಂದರು ಇಬ್ಬರನ್ನೂ ಕೂರಿಸಿಕೊಂಡು. "ಬಾಟಲಿ ಬಿಟ್ಟ ಕೈ ಇನ್ನೇನನ್ನಾದ್ರೂ ಹಿಡ್ಕೊಳ್ಳೋಕೆ ಹುಡುಕುತ್ತೆ. ಮನುಷ್ಯರನ್ನ ಹಾಗೆ ಹಿಡ್ಕೋಬಾರದು."

ಇಬ್ಬರೂ ಒಳ್ಳೆಯ ಮಕ್ಕಳಂತೆ ತಲೆಯಾಡಿಸಿದರು. ಕುರ್ಚಿ ಮಾತ್ರ ಕಿಟಕಿ ಪಕ್ಕದಲ್ಲೇ ಉಳಿಯಿತು.

ಒಂದು ವಾರ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ. ಮನೆಯ ದಾರಿಯಲ್ಲಿ ವೈನ್ ಶಾಪಿನ ಮುಂದೆ ಅವಳ ಕಾಲು ತಾನಾಗಿಯೇ ನಿಂತಿತು. ಅವನು ಬರಲಿಲ್ಲವೆಂದು ಕುಡಿದರೆ ಆ ತಪ್ಪನ್ನೂ ಅವನ ತಲೆಗೇ ಕಟ್ಟಿದಂತೆ ಎನಿಸಿತು. ಅಲ್ಲಿಂದಲೇ ಟೀಚರಿಗೆ ಫೋನ್ ಮಾಡಿ, ಏನೇನೋ ಮಾತಾಡುತ್ತ ಆ ಬೀದಿ ದಾಟಿದಳು.

ಮುಂದಿನ ವಾರ ಅವನು ಬಂದ. ಕಣ್ಣು ಗುಳಿ ಬಿದ್ದಿತ್ತು.

"ಕುಡಿದೆ," ಎಂದ ಎಲ್ಲರೆದುರು, ಅವಳ ಕಡೆ ಕೈ ತೋರಿಸಿ. "ಜ್ವರ ಬಂದಿತ್ತು ಅಂತ ಹೇಳೋಣ ಅಂದ್ಕೊಂಡೇ ಲಿಫ್ಟ್ ಹತ್ತಿದ್ದು. ಇವರ ಮುಖ ನೋಡಿದ ಮೇಲೆ ಆಗ್ಲಿಲ್ಲ."

ಜ್ವರ ಎಂದಿದ್ದರೆ ಅವಳು ನಂಬುತ್ತಿದ್ದಳು. ಸಂತೋಷವಾಗಿ ನಂಬುತ್ತಿದ್ದಳು. ಚೆನ್ನಾಗಿರುವ ಲಿಫ್ಟನ್ನು ಬಿಚ್ಚಿ ಕೂತ ಆ ಮನುಷ್ಯ ಈಗ ಅಡಗಲು ಎಲ್ಲೂ ಜಾಗ ಹುಡುಕದೆ ನಿಂತಿದ್ದ. ಅವಳಿಗೆ ಸಿಟ್ಟಿತ್ತು, ಅಳುವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬೆರಗಿತ್ತು. ಇಂಥ ಧೈರ್ಯವನ್ನು ಇಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ.

ಮತ್ತೆ ಕುಡಿದವರ ಲೆಕ್ಕ ಮೊದಲಿನಿಂದ ಶುರು; ಪದ್ಧತಿಯಂತೆ ಅವನೀಗ ಮತ್ತೆ ಎಲ್ಲರಿಗಿಂತ ಹೊಸಬ. ಕೆಟಲು ಎತ್ತಿಕೊಂಡ. ಡ್ರೈವರಿಗೆ ಅರ್ಧ ಲೋಟ, ಅಜ್ಜಿಗೆ ಅರ್ಧ ಲೋಟ. ಅವಳ ಮುಂದೆ ಬಂದಾಗ ತಲೆ ಎತ್ತಲಿಲ್ಲ.

"ಪೂರ್ತಿ ತುಂಬಿಸಿ," ಎಂದಳು.

"ಕೈ ನಡುಗ್ತಿದೆ ರೀ. ಚೆಲ್ಲುತ್ತೆ."

"ಚೆಲ್ಲಲಿ. ನನಗೆ ನಿಮ್ಮನ್ನ ಕಂಡ್ರೆ ತುಂಬಾ ಇಷ್ಟ. ಟೀಚರ್ ಹೇಳಿದ ವರ್ಷ ಇವತ್ತಿಂದ ಶುರುವಾಗ್ಲಿ, ಕಾಯ್ತೀನಿ. ಕೆಡದೇ ಇರೋ ಲಿಫ್ಟ್ ರಿಪೇರಿ ಆಗ್ಲಿ ಅಂತ ಕಾದವಳು ನಾನು."

ಟೀಚರ್ ಕೇಳಿಸಲೇ ಇಲ್ಲವೆಂಬಂತೆ ಚಾವಣಿಯಲ್ಲಿ ಏನನ್ನೋ ಹುಡುಕತೊಡಗಿದರು. ಅವನು ಈಗ ತಲೆ ಎತ್ತಿ ಅವಳನ್ನು ನೋಡಿದ. ಆ ದಟ್ಟ ರೆಪ್ಪೆಗಳು ಒದ್ದೆಯಾಗಿದ್ದವು. ನಿಧಾನವಾಗಿ ಕೆಟಲು ಬಗ್ಗಿಸಿದ. ಬಿಸಿ ಚಹಾ ಲೋಟದ ಅಂಚು ಮುಟ್ಟಿತು, ಅವಳ ಬೆರಳ ಮೇಲೂ ಒಂದಿಷ್ಟು ಚೆಲ್ಲಿತು. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.