ಕಿವಿ ಮಂದವಾದ ರೇಡಿಯೋ

ನಾಲ್ಕನೇ ಸಲ ಅವಳು ಲಾರಿಯ ಅದೇ ಸಿಬಿ ರೇಡಿಯೋವನ್ನು ತಂದು ಮೆಕ್ಯಾನಿಕ್‌ನ ಮೇಜಿನ ಮೇಲೆ ಕುಕ್ಕಿದಳು. ಸ್ಕ್ರೂಗಳ ಡಬ್ಬಿ ಉರುಳಿ ಬಿತ್ತು.

"ಕೇಳ್ಸಲ್ಲ," ಎಂದಳು.

"ಪೂರ್ತಿ ಕೇಳ್ಸಲ್ವಾ, ಇಲ್ಲಾ..."

"ಪಕ್ಕದ ಲಾರಿಯವನು ಮಾತಾಡಿದ್ರೆ ಕಿವಿ ಹರಿದುಹೋಗೋ ಹಾಗೆ ಕೇಳತ್ತೆ. ಎರಡು ತಿರುವು ಆಚೆ ಇರೋನು ಕೂಗಿದ್ರೆ ಬರೀ ಸುಂಯ್ ಅನ್ನತ್ತೆ. ಪಕ್ಕದಲ್ಲಿರೋನ ಹತ್ರ ಮಾತಾಡೋಕೆ ನಂಗೆ ರೇಡಿಯೋ ಯಾಕ್ರೀ, ಕಿಟಕಿ ಇದ್ಯಲ್ಲ?"

ಮೆಕ್ಯಾನಿಕ್‌ಗೆ ನಗು ಬಂತು, ನುಂಗಿಕೊಂಡ. ಸಿಟ್ಟು ಬಂದಾಗ ಅವಳು ಕೆಳತುಟಿ ಮುಂದೆ ಮಾಡಿ ಹಣೆಯ ಮೇಲಿನ ಕೂದಲನ್ನು ಉಫ್ ಎಂದು ಊದುತ್ತಿದ್ದಳು. ಕೂದಲು ಹಾರಿ, ಮತ್ತೆ ಅಲ್ಲೇ ಬಂದು ಕೂರುತ್ತಿತ್ತು. ಅದನ್ನೇ ನೋಡುತ್ತ ಅವನು ಮೂರು ಸಲವೂ ಸುಳ್ಳು ಹೇಳಿದ್ದ.

ಬೆಟ್ಟದಿಂದ ಮರದ ದಿಮ್ಮಿ ಇಳಿಸುವ ಲಾರಿ ಅವಳದು. ದಾರಿ ಒಂದೇ ಲಾರಿ ಹಿಡಿಸುವಷ್ಟು ಅಗಲ. ಫೋನು ಅಲ್ಲಿ ಸಿಗುವುದಿಲ್ಲ. ಪ್ರತಿ ಕಿಲೋಮೀಟರ್ ಕಲ್ಲಿನ ಬಳಿ ಡ್ರೈವರ್‌ಗಳು ತಾವೆಲ್ಲಿದ್ದೇವೆಂದು ರೇಡಿಯೋದಲ್ಲಿ ಕೂಗುತ್ತಾರೆ; ಎದುರಿನಿಂದ ಬರುವವರು ಅದನ್ನು ಕೇಳಿಸಿಕೊಂಡು ಜಾಗ ನೋಡಿ ನಿಲ್ಲಿಸಿಕೊಳ್ಳುತ್ತಾರೆ. ಅವಳ ಸೆಟ್ಟು ಅಪ್ಪನ ಕಾಲದ್ದು. ದೂರದ ದನಿ ಸ್ವಲ್ಪ ಮಂಕಾಗಿದೆ ಎಂದು ಮೂರು ವಾರದ ಹಿಂದೆ ತಂದಿದ್ದಳು.

ಆ ದಿನ ಅವನು ದೂರದ ಸಿಗ್ನಲ್ ಹಿಡಿಯುವ ಕಾಯಿಲನ್ನು ತಿರುಗಿಸಿ ಸರಿಮಾಡಲು ಕೂತಿದ್ದ. ಕಾಯಿಲಿನೊಳಗೆ ಪೆನ್ಸಿಲ್ ಕಡ್ಡಿಯಂತೆ ಬೇಗ ಒಡೆಯುವ ಕೋರ್ ಇರುತ್ತದೆ, ಅದನ್ನು ಪ್ಲಾಸ್ಟಿಕ್ ಕಡ್ಡಿಯಿಂದಲೇ ತಿರುಗಿಸಬೇಕು. ಅವಳು ಎದುರಿಗೆ ಗಲ್ಲಕ್ಕೆ ಕೈಕೊಟ್ಟು ಕೂತು, "ನಿಮ್ಮ ಕೈ ಎಷ್ಟು ನಾಜೂಕು!" ಎಂದಳು. ಅವನು ಕೈಗೆ ಸಿಕ್ಕ ಸ್ಟೀಲ್ ಸ್ಕ್ರೂಡ್ರೈವರನ್ನೇ ಇಟ್ಟು ತಿರುಗಿಸಿದ. ಟಕ್ ಎಂದಿತು. ಕೋರ್ ಒಳಗೇ ಒಡೆದು ಸಿಕ್ಕಿಕೊಂಡಿತು. ಅಂಥ ಕಾಯಿಲ್ ಈಗ ಯಾರೂ ಮಾಡುವುದಿಲ್ಲ.

ನಾಜೂಕು ಎಂದವಳ ಮುಂದೆ ಅದನ್ನು ಹೇಗೆ ಹೇಳುವುದು? ಆ್ಯಂಟೆನಾ ಹೋಗಿದೆ ಎಂದ. ಅವಳು ಲಾರಿಯ ತಲೆಯ ಮೇಲೆ ಹತ್ತಿ ಹೊಸದು ಕಟ್ಟಿದಳು. ಕೇಬಲ್ ಎಂದ. ಸೀಟಿನಡಿ ಮಲಗಿ ಅದನ್ನೂ ಬದಲಿಸಿದಳು. ಬೆಟ್ಟ ಅಡ್ಡ ಬರುತ್ತೆ ಎಂದ. "ಬೆಟ್ಟ ಏನು ಮೊನ್ನೆ ಬಂದು ಕೂತಿದ್ದಾ?" ಎಂದು ಕೇಳಿ ಹೋಗಿದ್ದಳು. ಅವನೂ ಸುಮ್ಮನಿರಲಿಲ್ಲ. ಊಟ ಬಿಟ್ಟು ಟ್ರಾನ್ಸಿಸ್ಟರ್ ಬದಲಿಸಿದ, ಉಳಿದ ಕಾಯಿಲ್‌ಗಳನ್ನೆಲ್ಲ ತಿದ್ದಿದ. ಒಡೆದದ್ದು ಒಡೆದೇ ಇತ್ತು.

"ಇವತ್ತು ಬೆಳಿಗ್ಗೆ," ಅವಳ ದನಿ ಇದ್ದಕ್ಕಿದ್ದ ಹಾಗೆ ತಗ್ಗಿತು, "ಎದುರಿಂದ ಲಾರಿ ತರ್ತಿದ್ದ ನಮ್ಮಣ್ಣ ಏಳನೇ ಕಲ್ಲು ಅಂತ ಮೂರು ಸಲ ಕೂಗಿದ್ನಂತೆ. ನಂಗೆ ಕೇಳ್ಸಲಿಲ್ಲ. ತಿರುವಲ್ಲೇ ಎದುರಾದ್ವಿ. ಎರಡು ಬಂಪರ್ ಮಧ್ಯೆ ಒಂದು ಮಾರು ಜಾಗ ಉಳೀತು, ಅಷ್ಟೆ."

ಅವನು ರೇಡಿಯೋವನ್ನು ತನ್ನತ್ತ ಎಳೆದುಕೊಂಡ.

"ಕಾಯಿಲ್ ನಾನೇ ಒಡೆದಿದ್ದು," ಎಂದ ಅವನು. "ಮೊದಲ ದಿನಾನೇ."

ಅವಳು ರೆಪ್ಪೆ ಮಿಟುಕಿಸದೆ ನೋಡಿದಳು.

"ಆ್ಯಂಟೆನಾ?"

"ಚೆನ್ನಾಗಿತ್ತು."

"ಕೇಬಲ್?"

"ಅದೂ."

"ಹೇಳೋಕೆ ಏನಾಗಿತ್ತು ನಿಮ್ಗೆ?"

"ನಿಮ್ಮ ಮುಂದೆ ದಡ್ಡ ಅನ್ನಿಸ್ಕೊಳ್ಳೋಕೆ ಮನಸ್ಸು ಬರಲಿಲ್ಲ."

"ಈಗ ದಡ್ಡನೂ ಆದ್ರಿ, ಸುಳ್ಳನೂ ಆದ್ರಿ," ಎಂದು ಹೊರಗೆ ಹೋಗಿ, ಲಾರಿ ಹತ್ತಿ, ಬಾಗಿಲು ಧಡಾರನೆ ಹಾಕಿಕೊಂಡಳು. ಲಾರಿ ಮಾತ್ರ ಹೊರಡಲಿಲ್ಲ.

ಗೋಡೆಯ ಶೆಲ್ಫಿನಲ್ಲಿ ಅವನದೇ ಒಂದು ಸೆಟ್ಟಿತ್ತು, ಅವಳದರ ಜೋಡಿಯಂಥದು. ಊಟದ ಹೊತ್ತಿನಲ್ಲಿ ಡ್ರೈವರ್‌ಗಳ ಹರಟೆ ಕೇಳಿಸಿಕೊಳ್ಳುವುದು ಅವನ ಏಕೈಕ ಚಟ. ಅದನ್ನು ಇಳಿಸಿ, ಕಾಯಿಲ್ ಬಿಚ್ಚಿ, ಅವಳ ಸೆಟ್ಟಿಗೆ ಬೆಸೆದ. ಈ ಸಲ ಪ್ಲಾಸ್ಟಿಕ್ ಕಡ್ಡಿಯನ್ನೇ ಹಿಡಿದು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ತಿರುಗಿಸಿದ. ಎಲ್ಲೋ ದೂರದ ಡ್ರೈವರ್ ಒಬ್ಬನ ಕೆಮ್ಮು ಸ್ಪಷ್ಟವಾಗಿ ಕೇಳಿತು.

ಅವನ ಸೆಟ್ಟು ಇನ್ನು ಮಾತು ಕಳಿಸಬಲ್ಲದು, ಕೇಳಿಸಿಕೊಳ್ಳಲಾರದು. ಅದನ್ನವನು ಹೇಳಲಿಲ್ಲ.

"ಬೆಟ್ಟ ಹತ್ತಿ ನೋಡಿ," ಎಂದ, ಅವಳ ಲಾರಿಯಲ್ಲಿ ಸೆಟ್ಟು ಕೂರಿಸುತ್ತ. "ನಿಮಿಷಕ್ಕೊಂದು ನಂಬರ್ ಹೇಳ್ತೀನಿ. ಕೊನೆಗೆ ಕೇಳಿದ್ದು ಯಾವುದು ಅಂತ ಬಂದು ಹೇಳಿ."

"ಕೇಳ್ಸದಿದ್ರೆ?"

"ಸೆಟ್ಟನ್ನ ನನ್ನ ತಲೆ ಮೇಲೆ ಹಾಕಿ."

"ಅದನ್ನ ನೀವು ಹೇಳ್ಕೊಡೋದು ಬೇಡ."

ಅವಳು ಹೊರಟ ಮೇಲೆ ಅವನು ತನ್ನ ಸೆಟ್ಟಿನಲ್ಲಿ ಎಣಿಸುತ್ತ ಹೋದ. ಆ ಕಾಲದ ಸೆಟ್ಟು ಎಷ್ಟೇ ಚೆನ್ನಾಗಿದ್ದರೂ ಎಂಟನೇ ಕಲ್ಲಿನಾಚೆ ಕೇಳುವುದಿಲ್ಲ. ಇಪ್ಪತ್ತೈದರ ಹೊತ್ತಿಗೆ ಅವಳು ಅದನ್ನು ದಾಟಿರಬೇಕು. ಆದರೂ ಮೂವತ್ತರವರೆಗೆ ಹೇಳಿದ. ಮಾತಾಡಲು ಒತ್ತಿದ್ದ ಬಟನ್ ಬಿಡಲು ಬೆರಳು ಒಪ್ಪಲಿಲ್ಲ.

"ಇನ್ನು ನಿಮ್ಗೆ ಕೇಳ್ಸಲ್ಲ, ಅದಕ್ಕೇ ಹೇಳ್ತಿದೀನಿ," ಎಂದ. "ಸೆಟ್ಟು ಸರಿಯಾದ್ಮೇಲೆ ನೀವ್ಯಾಕೆ ಈ ಕಡೆ ಬರ್ತೀರ? ಬೈಯೋಕಾದ್ರೂ ಬರ್ತಿದ್ರಲ್ಲ ಅಂತ ಬಾಗಿಲು ನೋಡ್ಕೊಂಡು ಕೂತಿರ್ತಿದ್ದೆ. ನಿಮ್ಮನ್ನ ಕಂಡ್ರೆ ನಂಗಿಷ್ಟ. ಮದುವೆ ಆಗೋ ಅಷ್ಟು ಇಷ್ಟ. ಎದುರಿಗೆ ಹೇಳೋ ಧೈರ್ಯ ಮಾತ್ರ ಇಲ್ಲ."

ಬಟನ್ ಬಿಟ್ಟ ಮೇಲೆ, ದಾರಿಯಲ್ಲಿ ಬೇರೆ ಲಾರಿಗಳೂ ಇವೆಯೆಂಬುದು ಹೊಳೆದು ಬೆವರು ಕಿತ್ತುಕೊಂಡು ಬಂತು.

ಒಂದು ಗಂಟೆಯ ನಂತರ ಅವಳು ಬಂದಳು. ಕಣ್ಣು ಕೆಂಪಗಿತ್ತು.

"ಕೊನೆಗೆ ಕೇಳಿದ್ದು?" ಎಂದ ಅವನು.

"ಮೂವತ್ತು. ಎದುರು ಲಾರಿಗೆ ಜಾಗ ಕೊಡೋಕೆ ಏಳನೇ ಕಲ್ಲಲ್ಲೇ ನಿಂತಿದ್ದೆ. ಅದಾದ ಮೇಲಿಂದೂ ಕೇಳ್ತು."

ಅವನು ಸ್ಕ್ರೂ ಹುಡುಕುವವನಂತೆ ನೆಲ ನೋಡಿದ.

"ನಾಲ್ಕು ಸಲ ಉತ್ತರ ಕೊಟ್ಟೆ," ಎಂದಳು. "ನಾಲ್ಕು ಸಲ! ನೀವು ತುಟಿ ಪಿಟಿಕ್ ಅನ್ಲಿಲ್ಲ. ಇದೂ ಆ್ಯಂಟೆನಾ ಥರ ಸುಳ್ಳು ಅಂದ್ಕೊಂಡು ಇಡೀ ದಾರಿ..." ಹಣೆಯ ಕೂದಲನ್ನು ಉಫ್ ಎಂದು ಊದಿದಳು.

ಅವನು ತನ್ನ ಸೆಟ್ಟನ್ನು ತಿರುಗಿಸಿ, ಕಾಯಿಲ್ ಇದ್ದ ಖಾಲಿ ಜಾಗ ತೋರಿಸಿದ. "ನಂದು ನಿಮ್ಮ ಲಾರೀಲಿದೆ. ಇದಕ್ಕೆ ಏನೂ ಕೇಳ್ಸಲ್ಲ."

ಅವಳು ಆ ಜಾಗವನ್ನು ನೋಡಿದಳು, ಆಮೇಲೆ ಅವನನ್ನು.

"ಏನಂತ ಉತ್ತರ ಕೊಟ್ರಿ?" ಎಂದು ಕೇಳಿದ.

"ಐದನೇ ಸಲ ಹೇಳೋಕೆ ನಾನೇನು ಟೇಪ್ ರೆಕಾರ್ಡರಾ?"

"ದಯವಿಟ್ಟು..."

ಅಷ್ಟರಲ್ಲಿ ಅಂಗಡಿಯ ಮುಂದೆ ಇನ್ನೊಂದು ದಿಮ್ಮಿ ಲಾರಿ ನಿಂತಿತು. ಅವಳ ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯ್ತುಂಬ ನಗುತ್ತ ಕೂಗಿದ.

"ಏನ್ ಭಾವಾ! ನನ್ ತಂಗಿ ಅಷ್ಟು ಕೂಗಿದ್ರೂ ಬಾಯೇ ಬಿಡ್ಲಿಲ್ವಲ್ಲ!"

ಮೆಕ್ಯಾನಿಕ್ ಅವಳ ಕಡೆ ತಿರುಗಿದ. ಕಿವಿಯ ತುದಿವರೆಗೂ ಕೆಂಪಾಗಿದ್ದಳು.

"ಅಣ್ಣಾ, ಹೋಗ್ತೀಯಾ ಸುಮ್ನೆ!" ಎಂದು ಗದರಿ, ಇವನ ಹತ್ತಿರ ಬಂದು ಶರ್ಟಿನ ಗುಂಡಿಯೊಂದನ್ನು ಹಿಡಿದು ಎಳೆದಳು.

"ಇನ್ನೊಂದ್ಸಲ ನೀನು ನನ್ನ ಹತ್ರ ಸುಳ್ಳು ಹೇಳಿದ್ರೆ ನೋಡು," ಎಂದಳು.

'ನೀವು' ಹೋಗಿ 'ನೀನು' ಬಂದಿತ್ತು. ಇನ್ನು ಹೇಳುವುದಿಲ್ಲವೆಂದು ಅವನು ತಲೆ ಅಲ್ಲಾಡಿಸಿದ.